ವರ್ಲ್ಡ್ ವಿಷನ್ ಮಕ್ಕಳ ಸ್ಪಾನ್ಸರ್‌ಶಿಪ್: ನನ್ನ ಅನಿಸಿಕೆ

ವರ್ಲ್ಡ್ ವಿಷನ್ ಎಂಬ ಸೇವಾ ಸಂಸ್ಥೆಯ ಮೂಲಕ ಒಂದು ಬಡ ಮಗುವಿನ ಹೆಸರಲ್ಲಿ ತಿಂಗಳು ತಿಂಗಳು ದುಡ್ಡು ಕೊಡುವುದೇ ಈ ಸ್ಪಾನ್ಸರ್‌ಶಿಪ್. ಆ ದುಡ್ಡು ನೇರವಾಗಿ ಮಗುವಿನ ಕೈಗೆ ಹೋಗುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಎಲ್ಲರ ಹಣ ಒಟ್ಟು ಮಾಡಿ ಇಡೀ ಊರಿನ ನೀರು, ಶಾಲೆ, ಆರೋಗ್ಯ, ಮಕ್ಕಳ ರಕ್ಷಣೆಗೆ ಬಳಸುತ್ತಾರೆ. ಮೊದಲು ಬೇಜಾರಾಯಿತು. ಆಮೇಲೆ ಇದೇ ಸರಿ ಅನ್ನಿಸಿತು, ಯಾಕಂದ್ರೆ ನೀರು ದೂರ ಇದ್ದರೆ ಹೊರುವುದು ಹೆಚ್ಚಾಗಿ ಹೆಣ್ಣುಮಕ್ಕಳೇ, ಶಾಲೆ ತಪ್ಪುವುದೂ ಅವರಿಗೇ, ಶಾಲೆ ಬಿಟ್ಟ ಮಗುವನ್ನು ಕೂಲಿಗೋ ಮದುವೆಗೋ ತಳ್ಳುವುದು ಸುಲಭ ಅಲ್ವಾ?

ವರ್ಲ್ಡ್ ವಿಷನ್ ಕ್ರೈಸ್ತ ಸಂಸ್ಥೆ, 1950ರಲ್ಲಿ ಅಮೆರಿಕದ ಬಾಬ್ ಪಿಯರ್ಸ್ ಶುರು ಮಾಡಿದ್ದು. ಕೊರಿಯಾ ಯುದ್ಧದ ಅನಾಥ ಮಕ್ಕಳಿಗಾಗಿ 1953ರಲ್ಲಿ ಸ್ಪಾನ್ಸರ್‌ಶಿಪ್ ಬಂತು. ಸಹಾಯ ಮಾಡುವಾಗ ಧರ್ಮ ನೋಡಬಾರದು ಎಂಬುದು ಅವರ ನಿಯಮ. ನನಗೆ ಅದು ಮುಖ್ಯ.

ತುಂಬಾ ಇಷ್ಟವಾದದ್ದು 2019ರಲ್ಲಿ ಬಂದ ‘ಚೋಸನ್’ (ಅಂದರೆ ‘ಆಯ್ಕೆಯಾದವರು’) ಎಂಬ ಅವರ ಹೊಸ ವಿಧಾನ. ಮೊದಲೆಲ್ಲ ನಾವೇ ಫೋಟೋ ನೋಡಿ ಮಗುವನ್ನು ಆರಿಸಬೇಕಿತ್ತು, ಉಳಿದ ಮಕ್ಕಳನ್ನು ಬಿಟ್ಟು ಒಂದನ್ನು ಆರಿಸುವುದು ಮನಸ್ಸಿಗೆ ಚುಚ್ಚುತ್ತಿತ್ತು. ಇದರಲ್ಲಿ ನಮ್ಮ ಫೋಟೋ ಊರಿಗೆ ಹೋಗುತ್ತದೆ, ಮಗುವೇ ನಮ್ಮನ್ನು ಆರಿಸುತ್ತದೆ.

ಬೇಗ ಫಲ ಬೇಕು ಅನ್ನುವವರಿಗೆ ಇದು ಹೊಂದುವುದಿಲ್ಲ, ಒಂದೊಂದು ಕಡೆ ಹತ್ತು ಹದಿನೈದು ವರ್ಷ ಕೆಲಸ ನಡೆಯುತ್ತದೆ. ಸೇರಿದರೆ ಸುಮ್ನೆ ದುಡ್ಡು ಹಾಕಿ ಮರೆಯಬೇಡಿ, ಮಗುವಿಗೆ ಪತ್ರ ಬರೆಯಿರಿ.