ಥಾರ್‌ನ ಹಿಂದಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿಸಿ ಮೂರು ಮಳೆಗಾಲ

ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ. ಮನೆಯಿಂದ ಕೆಳಗಿನ ರೊಬಸ್ಟಾ ಬ್ಲಾಕಿಗೆ ಹೋಗಬೇಕಂದ್ರೆ ಒಂದು ಹಳ್ಳ ದಾಟಬೇಕು. ದಾಟಿದ ಕೂಡಲೇ ಸಣ್ಣ ಏರು, ಆಮೇಲೆ ಕಡಿದಾದ ಇಳಿಜಾರು. ಗಾಡಿ ಹಳೇ ಮಹೀಂದ್ರಾ ಥಾರ್ ಸಿಆರ್‌ಡಿಇ, ಡೀಸೆಲ್ ಜೀಪು. ಮುಂದೆ ಡಿಸ್ಕ್ ಬ್ರೇಕ್ (ತೆರೆದ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್ ಹಿಡಿಯುತ್ತದೆ), ಹಿಂದೆ ಡ್ರಮ್ ಬ್ರೇಕ್ (ಮುಚ್ಚಿದ ಡಬ್ಬಿಯನ್ನು ಶೂ ಅನ್ನೋ ಬಾಗಿದ ತುಂಡುಗಳು ಒಳಗಿನಿಂದ ಒತ್ತುತ್ತವೆ).

ಮಳೆಗಾಲದಲ್ಲಿ ಆ ಹಳ್ಳದ ನೀರು ಚಕ್ರದ ಹಬ್ ಮುಟ್ಟುತ್ತದೆ. ಡ್ರಮ್ ಒಳಗೆ ಹೋದ ನೀರು ಬೇಗ ಹೊರಗೆ ಬರೋದಿಲ್ಲ. ಇಳಿಜಾರಿನ ತುದಿಯಲ್ಲಿ ಪೆಡಲ್ ಒತ್ತಿದರೆ ಹಿಂದಿನ ಚಕ್ರ ಹಿಡಿಯುತ್ತಲೇ ಇರಲಿಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಒಂದೇ ಕಡೆಯ ಚಕ್ರ ಗಪ್ ಅಂತ ಹಿಡಿದು, ಗಾಡಿ ಪಕ್ಕಕ್ಕೆ ತಿರುಗುತ್ತಿತ್ತು. ಒಂದು ಸಲ ಡ್ರಮ್ ಬಿಚ್ಚಿ ನೋಡಿದೆ. ಕೆಂಪು ಮಣ್ಣು ಕಡುಬಿನ ಹಿಟ್ಟಿನ ಹಾಗೆ ಮೆತ್ತಿಕೊಂಡು ಕೂತಿತ್ತು. ಶೂ ಮೇಲಿನ ಉಜ್ಜುವ ಪದರ, ಅಂದ್ರೆ ಲೈನರ್, ಒಂದೇ ಮಳೆಗಾಲಕ್ಕೆ ಸವೆದಿತ್ತು. ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಹರಿದು ಆಯಿಲ್ ಜಿನುಗುತ್ತಿತ್ತು.

2022ರ ಮೇ ತಿಂಗಳಲ್ಲಿ ಡಿಸ್ಕ್ ಹಾಕಿಸಿದೆ. ಬ್ರಾಕೆಟ್, ಡಿಸ್ಕ್, ಹ್ಯಾಂಡ್ ಬ್ರೇಕ್ ಲಿವರ್ ಇರುವ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ), ಹೊಸ ಹೋಸು, ಲೇತ್ ಕೆಲಸ, ಕೂಲಿ ಎಲ್ಲಾ ಸೇರಿ 40,000 ರೂಪಾಯಿ ಹತ್ತಿರ ಆಯ್ತು.

ಮೊದಲ ವಾರ ಪೆಡಲ್ ಸ್ಪಂಜಿನ ಹಾಗಿತ್ತು. ಮೂರು ಬಾಟಲಿ ಬ್ರೇಕ್ ಆಯಿಲ್ ಖಾಲಿಯಾದರೂ ಪೈಪಿನೊಳಗೆ ಸೇರಿದ್ದ ಏರ್ ಹೋಗಲೇ ಇಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಾಯಿಸಬೇಕು ಅಂತ ಗ್ಯಾರೇಜಿನವರು ಹೇಳಿದರು. ಸುಮ್ನೆ ಒಂದು ಸಲ ಗಾಡಿ ಕೆಳಗೆ ಮಲಗಿ ನೋಡಿದೆ. ಏರ್ ತೆಗೆಯುವ ನಿಪ್ಪಲ್ ಕ್ಯಾಲಿಪರ್‌ನ ಕೆಳಗಿನ ಬದಿಗೆ ಬಂದಿತ್ತು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದವು. ಗಾಳಿ ಯಾವಾಗಲೂ ಮೇಲಕ್ಕೆ ಹೋಗಿ ಸೇರುತ್ತದೆ ಅಲ್ವಾ? ನಿಪ್ಪಲ್ ಕೆಳಗಿದ್ದರೆ ಎಷ್ಟು ಪೆಡಲ್ ಹೊಡೆದರೂ ಆಯಿಲ್ ಮಾತ್ರ ಹೊರಗೆ ಬರುತ್ತದೆ. ಅದಲು ಬದಲು ಮಾಡಿ, ನಿಪ್ಪಲ್ ಮೇಲಕ್ಕೆ ಬಂದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಗಟ್ಟಿಯಾಯಿತು. ಡಿಸ್ಕ್ ಹಾಕಿಸುವವರು ಗ್ಯಾರೇಜಿನಿಂದ ಹೊರಡುವ ಮುಂಚೆ ಇದನ್ನ ಕಣ್ಣಾರೆ ನೋಡಿ.

ಕ್ಯಾಲಿಪರ್ ಕೂರಿಸುವ ಬ್ರಾಕೆಟ್ ದಪ್ಪವೂ ಮುಖ್ಯ. ಡ್ರಮ್‌ನ ಹಿಂದಿದ್ದ ಹಳೇ ಬ್ಯಾಕ್ ಪ್ಲೇಟ್ ಎಷ್ಟು ದಪ್ಪ ಇತ್ತೋ ಅಷ್ಟೇ ಇರಬೇಕು. ಇಲ್ಲದಿದ್ದರೆ ಆಕ್ಸಲ್ ಬೇರಿಂಗ್ ಪ್ಲೇ (ಅಲುಗಾಟ) ಬದಲಾಗುತ್ತದೆ. ನಮ್ಮದನ್ನು ಲೇತ್‌ನಲ್ಲಿ ಸರಿಮಾಡಿಸಬೇಕಾಯಿತು.

ಇನ್ನು ಒತ್ತಡದ ವಿಷಯ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬರುತ್ತದೆ, ಹಿಂದೆ ಹಗುರಾಗುತ್ತದೆ. ಇಳಿಜಾರಿನಲ್ಲಂತೂ ಇನ್ನೂ ಜಾಸ್ತಿ. ಮೊದಲ ಮಳೆಗೆ ಖಾಲಿ ಗಾಡಿ ಇಳಿಸುವಾಗ ಹಿಂದಿನ ಎರಡೂ ಚಕ್ರ ಲಾಕ್ ಆಗಿ, ಗಾಡಿಯ ಹಿಂಭಾಗ ಸಿಲ್ವರ್ ಓಕ್ ಮರದ ಕಡೆಗೆ ಜಾರಿತು. ಎದೆ ಝಲ್ಲೆಂದಿತು. ಆಮೇಲೆ ಹಿಂದಿನ ಲೈನಿಗೆ ತಿರುಗಿಸಿ ಹೊಂದಿಸುವಂಥ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ಕಡಿಮೆ ಮಾಡುವ ವಾಲ್ವ್) ಹಾಕಿಸಿದೆ. ಕಣದ ಪಕ್ಕದ ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಓಡಿಸಿ, ಮುಂದಿನ ಚಕ್ರ ಮೊದಲು ಲಾಕ್ ಆಗುವ ತನಕ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಹೋದೆ. ಅಲ್ಲಿಗೇ ಬಿಟ್ಟಿದ್ದೇನೆ.

ಈಗ ಹಳ್ಳ ದಾಟಿ ಒಂದು ಸಲ ಪೆಡಲ್ ಮುಟ್ಟಿದರೆ ಸಾಕು. ತಿರುಗುವ ಡಿಸ್ಕ್ ನೀರನ್ನು ಆಚೆ ಎಸೆಯುತ್ತದೆ, ಪ್ಯಾಡ್ ಉಳಿದದ್ದನ್ನು ಒರೆಸುತ್ತದೆ. ಎರಡೂ ಕಡೆ ಒಂದೇ ಸಮ ಹಿಡಿಯುತ್ತದೆ. ನನಗೆ ಬೇಕಿದ್ದದ್ದು ಇದೊಂದೇ. ಗಾಡಿ ಮೊದಲಿಗಿಂತ ಬೇಗ ನಿಲ್ಲುತ್ತದೆ ಅಂತ ಮಾತ್ರ ನಾನು ಹೇಳಲ್ಲ. ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದ್ದೇ. ನೀರಿಗೆ ಇಳಿಯದ ಗಾಡಿಯಾದರೆ ಡ್ರಮ್ ಬಿಚ್ಚಿ ತೊಳೆದು, ಒಳ್ಳೆ ಲೈನರ್ ಮತ್ತು ವೀಲ್ ಸಿಲಿಂಡರ್ ಹಾಕಿಸಿ, ಸರಿಯಾಗಿ ಅಡ್ಜಸ್ಟ್ ಮಾಡಿಸಿ. ಅಷ್ಟು ಸಾಕು.

ಪ್ಯಾಡ್ ಮಳೆಗಾಲಕ್ಕೊಂದು ಜೊತೆ ಬೇಕು. ಕೆಸರು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಆದರೆ ಚಕ್ರ ಬಿಚ್ಚಿದರೆ ಅರ್ಧ ಗಂಟೆಯ ಕೆಲಸ, ನಾನೇ ಮಾಡ್ತೇನೆ. ಹ್ಯಾಂಡ್ ಬ್ರೇಕ್ ಇರುವ ಈ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಅನ್ನು ಒತ್ತಿದರೆ ಒಳಗೆ ಹೋಗಲ್ಲ, ತಿರುಗಿಸಿಕೊಂಡೇ ಒಳಗೆ ಕಳಿಸಬೇಕು. ಜೋರಾಗಿ ಒತ್ತಿ ಹಾಳು ಮಾಡಬೇಡಿ.

ನಾನು ಕಳೆದುಕೊಂಡದ್ದು ಹ್ಯಾಂಡ್ ಬ್ರೇಕಿನ ಮೇಲಿನ ನಂಬಿಕೆ. ಕೊಯ್ಲಿನ ಸಮಯದಲ್ಲಿ ಒಂದು ದಿನ ಇಳಿಜಾರು ಇಳಿದು ಬಂದು, ಹ್ಯಾಂಡ್ ಬ್ರೇಕ್ ಎಳೆದು ಮೂಟೆ ತುಂಬುತ್ತಿದ್ದೆವು. ಆರನೇ ಮೂಟೆ ಹಾಕುವಾಗ ಆಳು ಕೂಗಿದ, "ಅಣ್ಣಾ, ಗಾಡಿ ಜಾರ್ತಾ ಇದೆ!" ಓಡಿಹೋಗಿ ಟೈರಿಗೆ ಕಲ್ಲು ಕೊಟ್ಟೆ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಬ್ರೇಕ್ ಹಿಡಿದು ಇಳಿದಾಗ ಡಿಸ್ಕ್ ಬಿಸಿಯಾಗಿರುತ್ತದೆ. ನಿಂತ ಮೇಲೆ ತಣ್ಣಗಾಗಿ ಸ್ವಲ್ಪ ಕುಗ್ಗುತ್ತದೆ, ಕೇಬಲ್ ಹಿಡಿತ ಸಡಿಲವಾಗುತ್ತದೆ. ಡ್ರಮ್‌ನಲ್ಲಿ ಗಾಡಿ ಜಾರಲು ಹೊರಟರೆ ಒಂದು ಶೂ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತಿತ್ತು. ಡಿಸ್ಕ್‌ಗೆ ಆ ಗುಣ ಇಲ್ಲ. ಈಗ ಗಾಡಿ ಗೇರಿನಲ್ಲಿ ಬಿಟ್ಟು, ಮರದ ಎರಡು ಅಡೆ ಕೊಡದೆ ಯಾರೂ ಮೂಟೆ ಮುಟ್ಟುವ ಹಾಗಿಲ್ಲ. ಅಡೆಗಳನ್ನು ಹಗ್ಗ ಕಟ್ಟಿ ಬಂಪರಿಗೇ ನೇತು ಹಾಕಿದ್ದೇನೆ.

ಕಾನೂನು ಮರೆಯಬೇಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ನಮ್ಮ ಥಾರ್ ತೋಟದ ಗೇಟು ದಾಟುವುದಿಲ್ಲ, ಪೇಟೆಗೆ ಬೇರೆ ಗಾಡಿ ಇದೆ. ರಸ್ತೆಗೆ ಇಳಿಸುವವರು ಮೊದಲು ಆರ್‌ಟಿಓ ಮತ್ತು ಇನ್ಶೂರೆನ್ಸ್‌ನವರ ಹತ್ತಿರ ಕೇಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಕಳೆದ ತಿಂಗಳು ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿದೆ. ಬಲಗಡೆ ಕ್ಯಾಲಿಪರ್‌ನ ಲಿವರ್ ಸ್ವಲ್ಪ ಬಿಗಿಯಾಗಿದೆ, ಸೀಲ್ ಕಿಟ್ ತರಿಸಿಟ್ಟಿದ್ದೇನೆ. ಮಳೆ ಹಿಡಿಯುವ ಮುಂಚೆ ಅದೊಂದು ಕೆಲಸ ಮುಗಿಸಬೇಕು.