ಹಳೇ ಪೇಪರ್ ಬೈಂಡ್ ಮಾಡ್ಸೋರಿದ್ರೆ ಚಿಕ್ಕಮಗಳೂರಿನ ಈ ಅಂಗಡಿಗೆ ಹೋಗಿ

ಮಾರ್ಕೆಟ್ ರೋಡಿಂದ ಒಳಗೆ ಹೋಗೋ ಒಂದು ಗಲ್ಲಿಲಿ ಇದೆ ಅಂಗಡಿ. ಬೋರ್ಡ್ ಇಲ್ಲ, ಬಾಗಿಲಲ್ಲಿ ರಟ್ಟಿನ ರಾಶಿ ಇರುತ್ತೆ, ಅದೇ ಗುರುತು. ಯಜಮಾನ್ರು ಜಾಸ್ತಿ ಮಾಡೋದು ಎಸ್ಟೇಟ್‌ನೋರ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ, ಲೆಡ್ಜರ್, ಕಾಲೇಜ್ ಮಕ್ಕಳ ಪ್ರಾಜೆಕ್ಟ್ ರಿಪೋರ್ಟು. ನಾನು ತಗೊಂಡ್ಹೋಗಿದ್ದು ನಮ್ ದೊಡ್ಡಪ್ಪ ಅಟ್ಟದ ಮೇಲೆ ಟ್ರಂಕಲ್ಲಿ ಇಟ್ಟಿದ್ದ, ದೇವರಾಜ ಅರಸು ಕಟ್ಟಿದ ಕ್ರಾಂತಿರಂಗ ಪಕ್ಷದ ಕಾಲದ ಪೇಪರು, ಒಟ್ಟು 31 ಸಂಚಿಕೆ.

ಇದು ರಾಜ್ಯ ಮಟ್ಟದ ಪತ್ರಿಕೆ ಏನಲ್ಲ, ಆ ಪಕ್ಷದ ಇಲ್ಲಿನ ಕಾರ್ಯಕರ್ತರು ನಾಲ್ಕೈದು ಜನ ಸೇರಿ ಕೈಯಿಂದ ದುಡ್ಡು ಹಾಕ್ಕೊಂಡು ತರ್ತಿದ್ದ ನಾಲ್ಕು ಪುಟದ ವಾರಪತ್ರಿಕೆ. ಒಂದು ವರ್ಷ ಕೂಡ ನಡೀಲಿಲ್ಲ. ಆದ್ರೆ ಅದು ಹುಟ್ಟಿದ ಹೊತ್ತು ಎಂಥದ್ದು ನೋಡಿ. 1978ರ ಉಪಚುನಾವಣೇಲಿ ಇಂದಿರಾ ಗಾಂಧಿ ನಮ್ಮೂರಿಗೆ ಬಂದು ನಿಂತ್ರು, ಡಿ.ಬಿ. ಚಂದ್ರೇಗೌಡ್ರು ಸೀಟು ಬಿಟ್ಟುಕೊಟ್ಟಿದ್ರು, ಎದುರುಗಡೆ ವೀರೇಂದ್ರ ಪಾಟೀಲ್ರು, ಗೆದ್ದ ಅಂತರ 70,000ಕ್ಕೂ ಜಾಸ್ತಿ. ಆಗ ಮುಖ್ಯಮಂತ್ರಿ ದೇವರಾಜ ಅರಸು. ದೊಡ್ಡಪ್ಪ ಆ ಎಲೆಕ್ಷನ್ನಲ್ಲಿ ಅರಸು ಹೇಳಿದ್ರು ಅಂತ ಊರೂರು ತಿರುಗಿ ಇಂದಿರಾಗೆ ಓಟು ಕೇಳಿದೋರು. ಮುಂದಿನ ವರ್ಷನೇ, 1979ರಲ್ಲಿ, ಅರಸು ಇಂದಿರಾ ಕಾಂಗ್ರೆಸ್ಸಿಂದ ಹೊರಗೆ ಹೋದ್ರು. 1980ರ ಲೋಕಸಭೆ ಎಲೆಕ್ಷನ್ನಲ್ಲಿ ರಾಜ್ಯದ 28ರಲ್ಲಿ 27 ಸೀಟು ಇಂದಿರಾ ಕಡೆಗೇ ಹೋಯ್ತು, ಅರಸು ಕುರ್ಚಿ ಹೋಯ್ತು, ಗುಂಡೂರಾವ್ ಬಂದ್ರು. ಆಮೇಲೆ ಅರಸು ಕಟ್ಟಿದ್ದು ಕರ್ನಾಟಕ ಕ್ರಾಂತಿರಂಗ. ಅರಸು ಕಾಲದ ಭೂಸುಧಾರಣೆಲಿ ಜಮೀನು ಸಿಕ್ಕಿದ ನಮ್ಮಂಥ ಮನೆಯೋರು ಅರಸು ಹಿಂದೆನೇ ಹೋದ್ರು.

ಈಗ ಬೈಂಡಿಂಗ್ ವಿಷ್ಯಕ್ಕೆ ಬರ್ತೀನಿ. ನ್ಯೂಸ್‌ಪ್ರಿಂಟ್ ಕಾಗದ ಹಳದಿ ಆಗಿ ಮುಟ್ಟಿದ್ರೆ ಹಪ್ಪಳದ ಥರ ಮುರೀತಿತ್ತು, ಮೇಲಿಂದ ನಮ್ಮ ಮಳೆಗಾಲದ ಥಂಡಿ ಬೇರೆ. ಹಿಂದೆ ಇನ್ನೊಂದು ಕಡೆ ಅಜ್ಜನ ಲೆಕ್ಕದ ಪುಸ್ತಕ ಕೊಟ್ಟಾಗ ಕಟಿಂಗ್ ಮಷೀನಿಗೆ ಇಟ್ಟು ಮೂರೂ ಕಡೆ ಅಂಚು ನೀಟಾಗಿ ಕತ್ತರಿಸಿಬಿಟ್ರು, ಅಂಚಲ್ಲಿ ಅಜ್ಜ ಬರೆದಿದ್ದೆಲ್ಲ ಹೋಯ್ತು, ಆ ಸಂಕಟ ನಂಗೆ ಇವತ್ತಿಗೂ ಇದೆ. ಈ ಯಜಮಾನ್ರು ಮೊದ್ಲು ಒಂದೊಂದೇ ಹಾಳೆ ತಿರುವಿ ನೋಡಿ "ತಮ್ಮಾ, ಇದಕ್ಕೆ ಮಷೀನ್ ಹಾಕಲ್ಲ, ಅಂಚು ಸೊಟ್ಟ ಕಂಡ್ರೂ ಪರವಾಗಿಲ್ವಾ?" ಅಂತ ಕೇಳಿದ್ರು. ಆ ಒಂದು ಮಾತಿಗೇ ನಂಗೆ ನೆಮ್ಮದಿ ಆಯ್ತು. ಪೇಪರ್ ಬೆನ್ನಿಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಹೊಲಿಗೆ ಆ ಪಟ್ಟಿ ಮೇಲೆ ಹಾಕಿದಾರೆ, ಅಸಲು ಹಾಳೆಗೆ ಸೂಜಿ ತಾಗಿಲ್ಲ. ಅಂಟು ಅಂದ್ರೆ ಮೈದಾ ಕಾಯಿಸಿ ಹುಳ ಬರದಂಗೆ ಮೈಲುತುತ್ತ ಹಾಕಿದ್ದು. ಸೆಲೋಟೇಪ್ ಮುಟ್ಟೇ ಇಲ್ಲ.

ಅಂಚು ಯಾಕೆ ಅಷ್ಟು ಮುಖ್ಯ ಅಂದ್ರೆ, ಕೊನೇ ಪುಟದ ಅಡಿಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಅಂತ ಚಿಕ್ಕ ಅಕ್ಷರದ ಒಂದು ಸಾಲು ಇರುತ್ತೆ. 1867ರ ಪ್ರೆಸ್ ಕಾಯ್ದೆ ಪ್ರಕಾರ ಅದು ಹಾಕಲೇಬೇಕಿತ್ತು. ಪತ್ರಿಕೆ ಕಥೆ ಪೂರ್ತಿ ನಂಗೆ ಸಿಕ್ಕಿದ್ದು ಆ ಸಾಲಲ್ಲೇ. ಮೊದಲ 12 ಸಂಚಿಕೆಲಿ ಒಂದೇ ಪ್ರೆಸ್ಸು, ಆಮೇಲೆ ಇನ್ನೊಂದು, ಡಿಸೆಂಬರ್ ಹೊತ್ತಿಗೆ ಮೂರನೇದು, ಅಲ್ಲಿ ಅಚ್ಚಿನ ಮೊಳೆ ಎಷ್ಟು ಸವೆದಿತ್ತು ಅಂದ್ರೆ ಒತ್ತಕ್ಷರ ಸರಿಯಾಗಿ ಕಾಣಲ್ಲ. ದೊಡ್ಡಮ್ಮನ್ನ ಕೇಳಿದೆ. "ಬಾಕಿ ಕೊಡ್ಲಿಲ್ಲ ಅಂದ್ರೆ ಯಾರು ಪ್ರಿಂಟ್ ಹಾಕ್ತಾರೆ, ಕಾಫಿ ಬೋರ್ಡಿನ ಪೂಲ್ ಪೇಮೆಂಟ್ ಬಂದಾಗೆಲ್ಲ ಮೊದ್ಲು ಹೋಗ್ತಿದ್ದಿದ್ದು ಪ್ರೆಸ್ಸಿಗೆ" ಅಂದ್ರು. ಪೂಲ್ ಪೇಮೆಂಟ್ ಅಂದ್ರೆ ಆಗ ಬೋರ್ಡಿಗೆ ಹಾಕಿದ ಕಾಫಿಗೆ ಕಂತಲ್ಲಿ ಬರ್ತಿದ್ದ ದುಡ್ಡು. 1982 ಜೂನ್ 6ಕ್ಕೆ ಅರಸು ತೀರಿಕೊಂಡ್ರಲ್ಲ, ಆ ವಾರದ್ದು ಸುತ್ತ ಕಪ್ಪು ಗೆರೆ ಹಾಕಿದ ಸಂಚಿಕೆ, ಅದರ ಅಂಚಲ್ಲಿ ದೊಡ್ಡಪ್ಪ ಪೆನ್ಸಿಲಲ್ಲಿ ಎಷ್ಟು ಪ್ರತಿ ಹೋಯ್ತು ಅಂತ ಲೆಕ್ಕ ಬರೆದಿದಾರೆ. ಅದು ಹಂಗೇ ಉಳಿದಿದೆ.

1983 ಜನವರಿಯ ವಿಧಾನಸಭೆ ಎಲೆಕ್ಷನ್ನಲ್ಲಿ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ ಗೆದ್ದಾಗ, ಜನತಾಗೆ 95, ಕಾಂಗ್ರೆಸ್ಸಿಗೆ 82, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಆದ್ರು, ಕ್ರಾಂತಿರಂಗದ ಬಂಗಾರಪ್ಪನೋರು ಆಗ್ತಾರೆ ಅಂತ ಕಾಯ್ತಿದ್ದ ಈ ಪತ್ರಿಕೆಯೋರಿಗೆಲ್ಲ ಬೇಜಾರಾಯ್ತು. ಕೊನೇ ಸಂಚಿಕೆ ಆ ತಿಂಗಳದ್ದೇ, ಬರೀ ಎರಡು ಪುಟ. ಗೆದ್ದ ಮೇಲೆ ಪತ್ರಿಕೆ ನಿಂತಿದ್ದು ನಂಗೆ ತುಂಬಾ ನೋವು ಅನ್ಸುತ್ತೆ, ಸೋತಿದ್ರೆ ಇನ್ನೊಂದಷ್ಟು ದಿನ ನಡೀತಿತ್ತೇನೋ.

ತೊಂದ್ರೆನೂ ಹೇಳ್ಬೇಕು. ಒಂದು ವಾರ ಅಂದಿದ್ದು 12 ದಿನ ಆಯ್ತು, ಫೋನ್ ಎತ್ತಲ್ಲ, ನಾನು ಎರಡು ಸಲ ಸುಮ್ನೆ ಹೋಗಿ ವಾಪಸ್ ಬಂದೆ. ಬೆನ್ನ ಮೇಲೆ ಹೆಸರಿನ ಚಿನ್ನದ ಅಕ್ಷರ ಬೇಕು ಅಂದ್ರೆ ಇಲ್ಲಿ ಆಗಲ್ಲ. ದುಡ್ಡು 650 ತಗೊಂಡ್ರು, ರಟ್ಟು ಮತ್ತೆ ಕ್ಯಾಲಿಕೋ ಬಟ್ಟೆ ಸೇರಿ, ಆ ಕೆಲ್ಸಕ್ಕೆ ಕಮ್ಮಿನೇ. ಸ್ಕ್ಯಾನ್ ಇಲ್ಲಿ ಮಾಡಲ್ಲ, ಅದಕ್ಕೆ ಕೊಡೋಕೆ ಮುಂಚೆ ಬಿಸಿಲಲ್ಲಿ ಅಲ್ಲ, ನೆರಳಲ್ಲಿ ಹಾಳೆ ಹರಡಿ ಮೊಬೈಲಲ್ಲಿ ಫೋಟೋ ತೆಗ್ದಿಟ್ಕೊಳ್ಳಿ. ಕೊಡುವಾಗ ಅಂಚು ಕತ್ತರಿಸಬೇಡಿ ಅಂತ ಒಂದು ಚೀಟಿ ಬರೆದು ಕಟ್ಟಿನ ಮೇಲೇ ಇಡಿ, ಯಜಮಾನ್ರು ಇಲ್ದಿದ್ದಾಗ ಹುಡುಗ ಕೂತಿರ್ತಾನೆ.