ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜೋ, ಕಿತ್ತಳೆ ಮುಚ್ಚಳದ್ದೋ?

ಯಾವ ಸಿರಿಂಜ್ ಬೇಕೆಂದು ಬಾಟಲಿಯ ಲೇಬಲ್ಲೇ ಹೇಳುತ್ತದೆ. 40 ಐಯು/ಎಂಎಲ್ (ಒಂದು ಎಂಎಲ್‌ನಲ್ಲಿ 40 ಯೂನಿಟ್) ಎಂದಿದ್ದರೆ ಯು-40, ಸಾಮಾನ್ಯವಾಗಿ ಕೆಂಪು ಮುಚ್ಚಳ. 100 ಎಂದಿದ್ದರೆ ಯು-100, ಕಿತ್ತಳೆ ಮುಚ್ಚಳ. ನಮ್ಮ ಔಷಧಿ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ, ಅಪಾಯ ಇರುವುದು ಅಲ್ಲೇ. ಯು-100 ಇನ್ಸುಲಿನ್ನನ್ನು ಯು-40 ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ 0.5 ಎಂಎಲ್, ಅಂದರೆ 50 ಯೂನಿಟ್ ಒಳಹೋಗುತ್ತದೆ. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು. ತಿರುಗುಮುರುಗಾಗಿ ಯು-40 ಇನ್ಸುಲಿನ್ನನ್ನು ಯು-100 ಸಿರಿಂಜಿನಲ್ಲಿ ಎಳೆದರೆ 20ರ ಬದಲು ಸಿಗುವುದು ಬರೀ 8 ಯೂನಿಟ್.

ಲೆಕ್ಕ ಹಾಕಿ ಸರಿದೂಗಿಸುವ ಅಭ್ಯಾಸ ಬೇಡವೇ ಬೇಡ. ಹೊಂದುವ ಸಿರಿಂಜ್ ತರಿಸಿ. ಬಣ್ಣವನ್ನಷ್ಟೇ ನಂಬದೆ ಕೊಳವೆಯ ಮೇಲಿನ ಅಚ್ಚು ಓದಿ.

ಕಣ್ಣು ಮಂಜಾದವರಿಗೆ ಇನ್ಸುಲಿನ್ ಪೆನ್ ವಾಸಿ, ಖರ್ಚು ಹೆಚ್ಚು. ಪ್ರತಿ ಸಲ ಚುಚ್ಚುವ ಮೊದಲು 2 ಯೂನಿಟ್ ಹೊರಬಿಟ್ಟು ಹನಿ ಬಂತೇ ನೋಡಿ. ಚುಚ್ಚಿ, ಗುಂಡಿ ಪೂರ್ತಿ ಒತ್ತಿ, 10 ಎಣಿಸಿದ ಮೇಲೆಯೇ ಸೂಜಿ ತೆಗೆಯಿರಿ. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯಬಾರದು.